ಗೆದ್ದವರು ಬಡಿಸಬೇಕು

ಆಗಸ್ಟ್ ೩, ಭಾನುವಾರ

ರಕ್ಷಿತ್‌ಗೆ ಕನ್ನಡ ಓದಲು ಬರುವುದಿಲ್ಲ! ಎಂಥ ಅನುಕೂಲ! ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಆದರೆ ಅಕ್ಷರ ಮಾತ್ರ ಗೊತ್ತಿಲ್ಲ. ನಾನೂ ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಹತ್ತನೇ ಕ್ಲಾಸಿನ ಪರೀಕ್ಷೆಯಾದ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದದ್ದಿಲ್ಲ. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಮೇಜಿನ ಮೇಲೆ ತೆರೆದಿಟ್ಟು ಹೋದರೂ, ಅವನ ಕಿವಿಗಳು ಮುದ್ದಾಗಿವೆ ಎಂದು ನಾನು ಬರೆದದ್ದು ಅವನಿಗೆ ತಿಳಿಯುವುದಿಲ್ಲ. ಮುದ್ದಾಗಿವೆ. ತುಂಬಾ.

ಮದುವೆಯಾಗಿ ಎರಡು ತಿಂಗಳು. ಕೋಥರೂಡಿನಲ್ಲಿ ಕೆಳಗೆ ಮಾವನ ಹೋಟೆಲು, ಮೇಲೆ ನಾವು. ಎಲ್ಲವೂ ಚಂದ, ಗ್ರೈಂಡರ್ ಒಂದು ಬಿಟ್ಟು. ಅದು ನಮ್ಮ ಮಂಚದ ನೇರ ಕೆಳಗಿದೆ. ಬೆಳಗಿನ ಜಾವ ವಡೆ ಹಿಟ್ಟಿಗೆ, ಚಟ್ನಿಗೆ ಅದನ್ನು ಶುರು ಮಾಡಿದರೆಂದರೆ ದಿಂಬು, ನೀರಿನ ಲೋಟ, ನನ್ನ ಹಲ್ಲು ಎಲ್ಲ ಒಟ್ಟಿಗೆ ನಡುಗುತ್ತವೆ. ರಕ್ಷಿತ್ ಮಾತ್ರ ಮಗುವಿನ ಹಾಗೆ ಮಲಗಿರುತ್ತಾನೆ.

ಇವತ್ತಿನ ದೊಡ್ಡ ಸುದ್ದಿ! ಮುಂಬೈ, ನಾಸಿಕ, ಗೋವಾದ ದೊಡ್ಡ ಕಾಲೇಜುಗಳು ಸೇರಿ ಹುಡುಗಿಯರಿಗಾಗಿ ಸಹ್ಯಾದ್ರಿ ಲೀಗ್ ಎಂಬ ಬಾಸ್ಕೆಟ್‌ಬಾಲ್ ಲೀಗ್ ಮಾಡುತ್ತಿವೆಯಂತೆ. ರಕ್ಷಿತ್ ಕೋಚ್ ಆಗಿರುವ ತಂಡಕ್ಕೆ ಕರೆ ಬಂದಿದೆ! ವಿಶ್ವವಿದ್ಯಾಲಯದ ಪುಣೆ ಝೋನಿನ ಪಂದ್ಯಗಳಲ್ಲಿ ವರ್ಷ ವರ್ಷವೂ ಗೆಲ್ಲುವುದು ಅವರೇ ತಾನೆ. ಎಸಿ ಬಸ್ಸು, ಒಳ್ಳೆಯ ಶೂ, ಮೊಬೈಲಿನಲ್ಲಿ ನೇರ ಪ್ರಸಾರ. ಲೀಗ್ ಸೇರಿದರೆ ರಕ್ಷಿತ್‌ನ ಕೆಲಸವನ್ನು ಕಾಯಂ ಮಾಡುವುದಾಗಿ ಪ್ರಿನ್ಸಿಪಾಲರು ಹೇಳಿದ್ದಾರೆ. ಹಾಗಾದರೆ ನಾವು ಬಾವಧನದಲ್ಲಿ ಒಂದು ಪುಟ್ಟ ಫ್ಲ್ಯಾಟ್ ಹಿಡಿಯಬಹುದು. ಬಾಲ್ಕನಿ ಇರುವುದು. ಗ್ರೈಂಡರ್ ಇಲ್ಲದ್ದು!

ಒಂದೇ ಷರತ್ತು. ಲೀಗಿಗೆ ಹೋದರೆ ವಿಶ್ವವಿದ್ಯಾಲಯದ ಝೋನನ್ನು ಪೂರ್ತಿ ಬಿಡಬೇಕು. ಕೋಚ್ ಒಪ್ಪಿ ಪತ್ರ ಕೊಟ್ಟರೆ ದಸರೆಗೆ ಸಹಿಯಂತೆ.

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಸೂಪರ್ ಅಲ್ವಾ!" ಎಂದೆ.

"ಉಂಟು ಮಾರಾಯ್ತಿ, ಯೋಚನೆ ಮಾಡುವುದು ಉಂಟು," ಎಂದು ಅವನು ಸಾಕ್ಸ್ ಬಿಚ್ಚುತ್ತ ಕೂತ. ಬಿಚ್ಚಿ ಮುಗಿದ ಮೇಲೂ ಹಾಗೇ ಕೂತಿದ್ದ.

ಆಗಸ್ಟ್ ೯, ಶನಿವಾರ

ಇವತ್ತು ಅವನ ಹುಡುಗಿಯರ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಅವನು ಸೀಟಿ ಊದುವಾಗ ನನಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಒದ್ದೆ ಟವಲನ್ನು ಮಂಚದ ಮೇಲೆ ಎಸೆಯುವ ಮನುಷ್ಯ, ಅಲ್ಲಿ ಒಬ್ಬ ಹುಡುಗಿಯ ಶೂ ದಾರ ಬಿಚ್ಚಿದ್ದರೆ ಇಡೀ ಆಟ ನಿಲ್ಲಿಸುತ್ತಾನೆ!

ಕ್ಯಾಪ್ಟನ್ ಹೆಸರು ಚನ್ನಬಸವ್ವ. ಎಲ್ಲರೂ ಚನ್ನಿ ಎನ್ನುತ್ತಾರೆ. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಭೋಸರಿಯ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಬಾಗಿಲಲ್ಲಿ ತಲೆ ಬಗ್ಗಿಸಬೇಕಾದಷ್ಟು ಎತ್ತರ ಅವಳು. ನನ್ನನ್ನು 'ವೈನಿ' ಎಂದು ಕರೆದಳು. ಜೀವನದಲ್ಲಿ ಮೊದಲ ಸಲ ನಾನು ಯಾರಿಗೋ ಅತ್ತಿಗೆ!

"ಲೀಗ್ ವಿಷಯ ಕೇಳಿದ್ಯಾ? ಎಕ್ಸೈಟ್ ಆಗಿದ್ಯಾ?" ಎಂದೆ.

"ಆಡಾಕ ಚಲೋನ ಇರತೈತ್ರಿ ವೈನಿ," ಎಂದಳು. "ಆದ್ರ ಇದು ನಂದು ಕಡೀ ವರ್ಷ. ಯುನಿವರ್ಸಿಟಿ ಟೀಮಿನಾಗ ಆಡಿದ ಸರ್ಟಿಫಿಕೇಟ್ ಇದ್ರ ರೈಲ್ವೆ ಟ್ರಯಲ್‌ಗೆ ಕರೀತಾರ. ಲೀಗಿಗೆ ಹೋದ್ರ ಯುನಿವರ್ಸಿಟಿಗೆ ಆಡಂಗಿಲ್ಲಲ್ರಿ."

ಲೀಗಿನಲ್ಲಿ ಮಿಂಚಿದರೆ ರೈಲ್ವೆಗಿಂತ ದೊಡ್ಡದು ಏನಾದರೂ ಬರುತ್ತದೆ ಎಂದು ನಾನು ಹೇಳಿದೆ. ಅವಳು "ಬರಬಹುದ್ರಿ" ಎಂದು ಚೆಂಡು ತೆಗೆದುಕೊಂಡು ಹೋದಳು.

ಆಗಸ್ಟ್ ೧೯, ಮಂಗಳವಾರ

ಹಿಂಜವಡಿಯಿಂದ ಮನೆಗೆ ಬರಲು ಇವತ್ತು ಎರಡು ಗಂಟೆಯ ಮೇಲೆ ಹಿಡಿಯಿತು. ಬಸ್ಸಿನಲ್ಲಿ ನಿಂತೇ ತೂಕಡಿಸಿದೆ. ಬಂದು ನೋಡಿದರೆ ಅತ್ತೆ, ಮಾವ, ರಕ್ಷಿತ್ ಮೂವರೂ ತುಳುವಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ನನಗೆ ತಿಳಿದದ್ದು 'ಲೀಗ್' ಎಂಬ ಒಂದೇ ಪದ. ಅತ್ತೆ ನನ್ನನ್ನು ನೋಡಿ ಕನ್ನಡಕ್ಕೆ ಬದಲಾಯಿಸಿದರು: "ಕಾಫಿ ಮಾಡಲಾ ಮಗಾ?"

ಆಗಸ್ಟ್ ೨೯, ಶುಕ್ರವಾರ

ಗಣಪತಿ. ಬೀದಿಯಲ್ಲಿ ಢೋಲು, ಕೆಳಗೆ ಗ್ರೈಂಡರ್, ನಡುವೆ ಪ್ರಿನ್ಸಿಪಾಲರ ಫೋನು. ದಿನವೂ ಮಾಡುತ್ತಾರೆ. ರಕ್ಷಿತ್ ದಿನವೂ ಒಂದೇ ಉತ್ತರ ಹೇಳುತ್ತಾನೆ: "ವಿಚಾರ ಕರತೋಯ್ ಸರ್." ಯೋಚನೆ ಮಾಡ್ತಿದೀನಿ ಸರ್. ಹೋಟೆಲಿಗೆ ಬರುವ ಗಿರಾಕಿಗಳಿಗೂ ಈಗ ವಿಷಯ ಗೊತ್ತು. ಒಬ್ಬರು ಬಿಲ್ ಕೊಡುತ್ತ ಹೋಗಬೇಕು ಎನ್ನುತ್ತಾರೆ, ಅವರ ಹಿಂದೆ ನಿಂತವರು ಬೇಡ ಎನ್ನುತ್ತಾರೆ.

ಬಾವಧನದ ಫ್ಲ್ಯಾಟಿನ ಫೋಟೊ ತೋರಿಸಿದೆ. "ಚಂದ ಉಂಟು," ಎಂದ. ಫೋಟೊ ನೋಡದೆ.

ಸೆಪ್ಟೆಂಬರ್ ೧೩, ಶನಿವಾರ

ಝೋನಿನ ಮೊದಲ ಪಂದ್ಯ. ಭೋಸರಿಯ ಕಾಲೇಜಿನ ಮೇಲೆ ೭೧–೧೪! ನಾನು ಕೂಗಿ ಕೂಗಿ ಗಂಟಲು ಹೋಗಿತ್ತು. ಆಮೇಲೆ ನೋಡಿದರೆ ಕೂಗುತ್ತಿದ್ದವಳು ನಾನೊಬ್ಬಳೇ. ಗೆದ್ದ ಹುಡುಗಿಯರು ಚೀಲ ತುಂಬಿಕೊಳ್ಳುತ್ತಿದ್ದರು, ಆಫೀಸ್ ಮುಗಿಸಿ ಹೊರಡುವವರ ಹಾಗೆ.

ಸೋತವರು ಮಾತ್ರ ಕುಣಿಯುತ್ತಿದ್ದರು! ನಿಜ! ಅವರ ಕೋಚ್ ಕೃಷ್ಣಾಜಿ ಸರ್ ಬಂದು ರಕ್ಷಿತ್‌ನ ಬೆನ್ನು ತಟ್ಟಿದರು. ಅಕ್ಕಲಕೋಟ ಕಡೆಯ ವಯಸ್ಸಾದ ಮನುಷ್ಯ, ಕನ್ನಡ ಚೆನ್ನಾಗಿ ಬರುತ್ತದೆ.

"ಹದಿನಾಕು ಹೊಡದೀವಿ ನೋಡ್ರಿ ನಿಮಗ! ಹೋದ ವರ್ಷ ಬರೇ ಒಂಬತ್ತಿತ್ತು."

"ನಮ್ಮ ಡಿಫೆನ್ಸ್ ಸಡಿಲ ಆಗಿದೆ ಸರ್," ಎಂದ ರಕ್ಷಿತ್.

"ಏ, ಹಂಗನಬ್ಯಾಡ್ರಿ. ನಮ್ಮ ಹುಡುಗ್ಯಾರು ಹದಿನೈದ ದಿನ ಇದರ ಮ್ಯಾಲ ಬದುಕತಾರ." ಆಮೇಲೆ ನನ್ನ ಕಡೆ ತಿರುಗಿದರು. "ಹೊಸಾ ಸೊಸಿ ಏನವಾ? ಈ ಸಲ ಪಂಗತದಾಗ ನಿನ್ನ ಕೈಯಿಂದ ಬಡಿಸ್ಬೇಕು."

ಪಂಗತದ ಕಥೆಯನ್ನು ಸ್ಕೂಟರಿನಲ್ಲಿ ರಕ್ಷಿತ್ ಹೇಳಿದ. ಝೋನ್ ಫೈನಲ್ ಆದ ಮರುದಿನ ಎಲ್ಲ ಕಾಲೇಜಿನ ತಂಡಗಳೂ ಸಾಲಾಗಿ ಕೂತು ಒಟ್ಟಿಗೆ ಊಟ ಮಾಡುವುದು. ಗೆದ್ದವರು ಬಡಿಸಬೇಕು, ಸೋತವರು ಉಣ್ಣಬೇಕು, ಗೆದ್ದವರ ಊಟ ಕೊನೆಗೆ. ಯಾವ ಕಾಲದಿಂದಲೋ ನಡೆದು ಬಂದಿದೆ. ರಕ್ಷಿತ್‌ನ ತಂಡ ಗೆಲ್ಲಲು ಶುರು ಮಾಡಿದ ಮೇಲೆ ಪಂಗತ ಪ್ರತಿ ವರ್ಷವೂ ಮಾವನ ಹೋಟೆಲಿನಲ್ಲೇ. ಎಷ್ಟು ಕ್ಯೂಟ್!

ಮನೆಗೆ ಬಂದವನು ಅಂಗಾತ ಮಲಗಿಬಿಟ್ಟ. "ಸೋತಿದ್ರೆ ಇಷ್ಟು ಸುಸ್ತಾಗ್ತಿರಲಿಲ್ಲ ಅನ್ನಿಸುತ್ತೆ ಹರ್ಷಿ," ಎಂದ. "ಗೆದ್ದು ಗೆದ್ದು ಹುಡುಗಿಯರ ಕಾಲು ಭಾರ ಆಗಿದೆ. ಇನ್ನೂ ಇಲ್ಲೇ ಇದ್ರೆ ಆಟ ಮರೆತುಬಿಡ್ತಾರೆ. ಹೋದ್ರೆ ಚನ್ನಿಯ ಈ ವರ್ಷ ಮುಳುಗುತ್ತೆ. ಎಂತ ಮಾಡುವುದು ನಾನು?"

ನಾನು ಅವನ ಕಾಲು ಒತ್ತಿದೆ. ನನ್ನ ಕಾಲೂ ನೋಯುತ್ತಿತ್ತು.

ಸೆಪ್ಟೆಂಬರ್ ೧೬, ಮಂಗಳವಾರ

ಗ್ರೈಂಡರ್. ಬಸ್ಸು. ಮೀಟಿಂಗು. ಬಸ್ಸು. ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಪ್ರಿನ್ಸಿಪಾಲರು ಲೀಗಿನ ಜೆರ್ಸಿಯ ಮಾದರಿ ಕಳಿಸಿದ್ದಾರೆ. ನೇರಳೆ ಬಣ್ಣ, ಬೆನ್ನಿನ ಮೇಲೆ ಬಂಗಾರದ ಅಂಚು. ಆಹಾ, ಎಷ್ಟು ಚಂದ! ನಾನು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಮೊಣಕಾಲಿನವರೆಗೂ ಬಂತು. ರಕ್ಷಿತ್ ನಗುತ್ತಾನೆ ಎಂದುಕೊಂಡಿದ್ದೆ.

"ತೆಗಿ ಅದನ್ನು."

"ಯಾಕೆ? ಬರೀ ಟ್ರೈ ಮಾಡ್ತಿದೀನಿ."

"ಇನ್ನೂ ನಮ್ಮದಾಗಿಲ್ಲ ಅದು."

"ಆಗಲಿ ಅಂತ ನಿಂಗೆ ಆಸೆನೇ ಇಲ್ವಾ? ಪ್ರತಿ ಬೆಳಿಗ್ಗೆ ನಾನು ಎದ್ದು ಕೂತಿರ್ತೀನಿ ರಕ್ಷಿತ್. ನಿಂಗೆ ಅದು ಗೊತ್ತೇ ಇಲ್ಲ, ನೀನು ಮಲಗಿರ್ತೀಯ!"

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಕೆಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಮ್ಮ ಮೊದಲ ಜಗಳ. ಆಮೇಲೆ ಅವನು ಮಂಚವನ್ನು ಎಳೆದು ಗೋಡೆ ಪಕ್ಕಕ್ಕೆ ಹಾಕಿದ. ಅಲ್ಲಿ ನಡುಕ ಸ್ವಲ್ಪ ಕಡಿಮೆಯಂತೆ. ಕಡಿಮೆಯೇನೂ ಇಲ್ಲ. ಆದರೆ ಎಳೆದನಲ್ಲ.

ಸೆಪ್ಟೆಂಬರ್ ೨೪, ಬುಧವಾರ

ಜಗಳ ರಾಜಿಯಾಯಿತು! ಇವತ್ತು ಎಲ್ಲವೂ ಸರಿಹೋಗಿದೆ. ಬೆಳಿಗ್ಗೆ ರಕ್ಷಿತ್ ಕಾಫಿ ತಂದುಕೊಟ್ಟು, "ಪತ್ರ ಬರೆದುಬಿಡ್ತೇನೆ, ಸಾಕಾಗಿ ಹೋಯ್ತು," ಎಂದ. ಎದ್ದು ಅವನನ್ನು ತಬ್ಬಿಕೊಂಡೆ, ಕಾಫಿ ಚೆಲ್ಲಿತು!

ಪಂಗತದ ಆಮಂತ್ರಣ ಮಾಡಿಕೊಡು ಎಂದು ಮೊನ್ನೆಯೇ ಕೇಳಿದ್ದ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಮಾಡಿದೆ. ಬಾಳೆ ಎಲೆ, ಮಧ್ಯೆ ಬಾಸ್ಕೆಟ್‌ಬಾಲ್, ಸುತ್ತ ಸೇವಂತಿಗೆ. ಮೇಲೆ ಮರಾಠಿಯಲ್ಲಿ ದೊಡ್ಡದಾಗಿ 'ನಿರೋಪಾಚಿ ಪಂಗತ' ಎಂದು ಹಾಕಿದೆ. ಬೀಳ್ಕೊಡುಗೆಯ ಪಂಗತ. ಇಷ್ಟು ವರ್ಷ ಜೊತೆಗೆ ಆಡಿದವರಿಗೆ ಸುಮ್ಮನೆ ಹೇಳದೆ ಹೋಗುವುದು ಚೆನ್ನಾಗಿರುವುದಿಲ್ಲ ತಾನೆ? ರಕ್ಷಿತ್ ನನ್ನನ್ನು ಎಲ್ಲ ಕೋಚ್‌ಗಳ ವಾಟ್ಸಾಪ್ ಗುಂಪಿಗೆ ಸೇರಿಸಿದ್ದ. ಅಲ್ಲಿಗೆ ನೇರವಾಗಿ ಕಳಿಸಿಬಿಟ್ಟೆ. ಅವನಿಗೆ ಸರ್‌ಪ್ರೈಸ್!

ಸೆಪ್ಟೆಂಬರ್ ೨೫, ಗುರುವಾರ

ಅವನು ಪತ್ರ ಬರೆದಿರಲಿಲ್ಲ. ಹುಡುಗಿಯರಿಗೂ ಹೇಳಿರಲಿಲ್ಲ. ಫೈನಲ್ ಆದ ಮೇಲೆ ಕೂರಿಸಿಕೊಂಡು ಹೇಳಬೇಕೆಂದಿದ್ದನಂತೆ.

ಚನ್ನಿ ಪ್ರಾಕ್ಟೀಸ್ ಮುಗಿಸಿ ನೇರ ಹೋಟೆಲಿಗೆ ಬಂದಿದ್ದಳು. ನಾನು ಬಸ್ಸಿಳಿದು ಬರುವಾಗ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಮೊಬೈಲಿನಲ್ಲಿ ನನ್ನದೇ ಬಾಳೆ ಎಲೆ, ನನ್ನದೇ ಸೇವಂತಿಗೆ.

"ವೈನಿ, ಹೋಗೋದು ಖರೇನ ಏನ್ರಿ? ಭೋಸರಿ ಕಾಲೇಜಿನ ಹುಡುಗಿ ಕಳಸ್ಯಾಳ ನನಗ. ನಮ್ಮ ಸರ ನಮಗ ಹೇಳೇ ಇಲ್ಲಲ್ರಿ."

ಅವಳು ಅಳಲಿಲ್ಲ, ರೇಗಲಿಲ್ಲ. "ಚಹಾ ಕುಡೀತಿಯಾ?" ಎಂದೆ. "ನವರಾತ್ರಿ ಉಪವಾಸ ಐತ್ರಿ, ಚಹಾ ನಡೀತೈತಿ," ಎಂದಳು. ಕುಡಿದು, ಲೋಟವನ್ನು ತಾನೇ ಒಳಗಿಟ್ಟು ಹೋದಳು.

ರಕ್ಷಿತ್ ಬೈದಿದ್ದರೆ ಚೆನ್ನಾಗಿತ್ತು. "ಅಳಿಸಿ ಎಂತ ಪ್ರಯೋಜನ, ಎಲ್ಲರೂ ನೋಡಿ ಆಯ್ತಲ್ಲ," ಎಂದ ಅಷ್ಟೇ.

ಸೆಪ್ಟೆಂಬರ್ ೨೮, ಭಾನುವಾರ

ನಿನ್ನೆ ಫೈನಲ್ ಗೆದ್ದರು. ಇವತ್ತು ಪಂಗತ. ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆಯಿಂದ ಅತ್ತೆ, ನಾನು ಮತ್ತು ಅಡುಗೆಯವರು. ಅನ್ನ, ಸಾಂಬಾರು, ಕೋಸಂಬರಿ, ಗೋಳಿಬಜೆ, ಹೆಸರುಬೇಳೆ ಪಾಯಸ. ನವರಾತ್ರಿಯ ಉಪವಾಸದವರಿಗೆ ಬೇರೆ ಬಾಣಲೆಯಲ್ಲಿ ಸಾಬುದಾನಿ ಖಿಚಡಿ. ಮಾವ ಮೇಜುಗಳನ್ನೆಲ್ಲ ಹೊರಗೆ ಹಾಕಿಸಿ ನೆಲಕ್ಕೆ ಜಮಖಾನೆ ಹಾಸಿದರು. ಅತ್ತೆ ತುಳುವಿನಲ್ಲಿ ಮಾವನಿಗೆ, ಇನ್ನು ಮುಂದೆ ಪಂಗತದ ಭಾನುವಾರವೂ ಹೋಟೆಲು ತೆರೆದೇ ಇರುತ್ತದೆ, ವ್ಯಾಪಾರಕ್ಕೆ ಒಳ್ಳೆಯದೇ ಬಿಡಿ ಎಂದರು. ಮಾವ ಎಲೆ ಒರೆಸುತ್ತಿದ್ದರು.

ಝೋನಿನ ಎಲ್ಲ ತಂಡಗಳೂ ಬಂದವು. ಕೃಷ್ಣಾಜಿ ಸರ್ ಒಂದು ದೊಡ್ಡ ಚೀಲ ಹೊತ್ತು ಎಲ್ಲರ ಮುಂದೆ ಬಂದರು. ನಮ್ಮ ಹುಡುಗಿಯರು ಸೊಂಟಕ್ಕೆ ದುಪಟ್ಟಾ ಕಟ್ಟಿ ಬಕೆಟ್ ಹಿಡಿದು ನಿಂತಿದ್ದರು. ಭೋಸರಿಯ ಹುಡುಗಿಯರು ಬಂದವರೇ ಬಕೆಟುಗಳನ್ನು ಕಿತ್ತುಕೊಂಡರು.

"ಆಜ್ ತುಮ್ಹೀ ಬಸಾ!" ಇವತ್ತು ನೀವು ಕೂತ್ಕೊಳ್ಳಿ.

ನಮ್ಮವರು ಎಲೆಗಳ ಮುಂದೆ ಕೂತರು. ಕೃಷ್ಣಾಜಿ ಸರ್ ಚೀಲ ಬಿಚ್ಚಿದರು. ತೆಂಗಿನಕಾಯಿ, ಅಕ್ಕಿ, ಅರಿಶಿನ ಕುಂಕುಮ, ಒಬ್ಬೊಬ್ಬರಿಗೂ ಒಂದೊಂದು ರವಿಕೆ ಕಣ. ಉಡಿ ತುಂಬುವ ಸಾಮಾನು.

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಅಯ್ಯೋ ಸರ್, ಮದುವೆಯಾಗದ ಹುಡುಗಿಯರಿಗೆ ಉಡಿ ತುಂಬುವುದು ಎಲ್ಲಾದರೂ ಉಂಟಾ?"

"ಮನಿ ಬಿಟ್ಟು ಹೊಂಟ ಹೆಣ್ಣಮಕ್ಕಳು ಹೌದಲ್ರಿ ಲೀಲಾಕ್ಷಕ್ಕ? ಝೋನದ ಶಾಸ್ತ್ರ ಝೋನಕ್ಕ," ಎಂದರು ಸರ್. ಎಲ್ಲರೂ ನಕ್ಕರು. ನಗು ಬೇಗ ಮುಗಿಯಿತು. "ತುಂಬಾಕ ಮಾತ್ರ ಮುತ್ತೈದಿ ಬೇಕು. ಹೊಸಾ ಸೊಸಿ ಎಲ್ಲದಾಳು?"

ನಾನು ರೇಷ್ಮೆ ಸೀರೆ ಉಟ್ಟು ಪಾಯಸದ ಸೌಟು ಹಿಡಿದು ನಿಂತಿದ್ದೆ. ಸೌಟು ಇಸಿದುಕೊಂಡು ಕೈಗೆ ಅಕ್ಕಿಯ ತಟ್ಟೆ ಕೊಟ್ಟರು.

ಹುಡುಗಿಯರಿಗೆ ಸೆರಗೆಲ್ಲಿ? ಟ್ರ್ಯಾಕ್‌ಪ್ಯಾಂಟು, ಹಳೆಯ ಕೆಂಪು ಜೆರ್ಸಿ. ಮೊದಲನೆಯವಳು ಜೆರ್ಸಿಯ ಅಂಚನ್ನೇ ಎರಡೂ ಕೈಯಲ್ಲಿ ಚಾಚಿ ಹಿಡಿದಳು. ಕುಂಕುಮ ಇಟ್ಟೆ, ಅಕ್ಕಿ ಹಾಕಿದೆ, ಕಣ ಇಟ್ಟೆ, ತೆಂಗಿನಕಾಯಿ ಇಟ್ಟೆ. ಭಾರಕ್ಕೆ ಜೆರ್ಸಿ ಜಗ್ಗಿತು. ಎರಡನೆಯವಳು. ಮೂರನೆಯವಳು. ಮದುವೆಯ ದಿನ ಅಮ್ಮ ನನಗೆ ಮಡಿಲು ತುಂಬುವಾಗ ನಾನು ಬಾಗಿಲಾಚೆ ಕಾರಿನ ಹೂವಿನ ಅಲಂಕಾರ ನೋಡುತ್ತಿದ್ದೆ, ಫೋಟೊದಲ್ಲಿ ಹಲ್ಲು ಬಿಟ್ಟು ನಗುತ್ತಿದ್ದೇನೆ. ಅಮ್ಮನ ಮುಖ ಆಗ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನಾನು ನೋಡಿಯೇ ಇರಲಿಲ್ಲ. ನಾಲ್ಕನೆಯವಳ ಹೊತ್ತಿಗೆ ನನಗೆ ತಟ್ಟೆ ಮಸುಕಾಗಿ ಕಾಣುತ್ತಿತ್ತು. ಒಲೆಯ ಹೊಗೆ ಹೋದಲ್ಲೆಲ್ಲ ಬರುತ್ತದೆ.

ಸಾಲಿನ ಕೊನೆಯಲ್ಲಿ ಚನ್ನಿ. ಅವಳ ಎರಡೂ ಕೈ ತೊಡೆಯ ಮೇಲಿದ್ದವು.

"ಹಿಡಿ ಚನ್ನಿ," ಎಂದೆ.

"ಒಲ್ಲೆ ವೈನಿ."

"ಎಲ್ಲರೂ ಹಿಡಿದ್ರಲ್ಲಮ್ಮ."

"ಹಿಡದ್ರ ಹೋಗಬೇಕಾಗತೈತ್ರಿ." ಅವಳು ನನ್ನನ್ನು ನೋಡುತ್ತಿರಲಿಲ್ಲ, ಎಲೆ ನೋಡುತ್ತಿದ್ದಳು. "ಸರ ಹೋಗಂದ್ರ ಹೊಕ್ಕೀನಿ. ಬಸ್ಸಿನಾಗ ಕುಂಡ್ರತೀನಿ, ಹೇಳಿದಂಗ ಆಡತೀನಿ. ಆದ್ರ ಇದನ್ನ ನಾನಾಗೇ ಹಿಡಿಯಂಗಿಲ್ರಿ."

ತಟ್ಟೆ ಹಿಡಿದುಕೊಂಡೇ ನಿಂತೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಭೋಸರಿಯ ಹುಡುಗಿಯೊಬ್ಬಳು ಕೋಸಂಬರಿ ಬಡಿಸುತ್ತಿದ್ದವಳು ಬಗ್ಗಿದ ಹಾಗೇ ನಿಂತುಬಿಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ರಕ್ಷಿತ್ ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಮೊದಲು ನನ್ನನ್ನು ನೋಡಿದ. ಕೇಳುವ ಹಾಗೆ ನೋಡಿದ. ನಾನು ಏನು ಮಾಡಿದೆ? ತಟ್ಟೆಯನ್ನು ನೆಲದ ಮೇಲೆ ಇಟ್ಟೆ. ಕೈ ಸೋತಿತ್ತು.

ಅವನು ಬಂದು ಬಕೆಟನ್ನು ಚನ್ನಿಯ ಮುಂದಿಟ್ಟ.

"ಏಳು ಚನ್ನಿ. ಎಂತ ಕೂತದ್ದು? ಗೆದ್ದವರು ಬಡಿಸಬೇಕು."

ಅವಳು ಅವನ ಮುಖ ನೋಡಿದಳು.

"ಹೋದ ವರ್ಷ ಬಡಿಸಿದ್ಯಲ್ಲ, ಮುಂದಿನ ವರ್ಷದವರಿಗೂ ನೀನೇ ಕಲಿಸಿ ಹೋಗಬೇಕು. ಏಳು, ಸಾಂಬಾರು ತಣಿಯುತ್ತೆ."

ಚನ್ನಿ ಎದ್ದಳು. ಆ ಎತ್ತರದ ಹುಡುಗಿ ಎದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಜೆರ್ಸಿಯಲ್ಲಿದ್ದ ತೆಂಗಿನಕಾಯಿಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ನನ್ನ ಸೆರಗಿಗೇ ತಂದು ಹಾಕಿದರು. ಭೋಸರಿಯವರು ಬಕೆಟುಗಳನ್ನು ವಾಪಸು ಕೊಟ್ಟು ಕೂತರು. ಕೃಷ್ಣಾಜಿ ಸರ್ ತಮ್ಮ ಎಲೆಯ ಮೇಲೆ ನೀರು ಚಿಮುಕಿಸಿ, ಚನ್ನಿಗೆ ತೋರಿಸಿದರು.

"ಇಲ್ಲಿ ಹಾಕವಾ. ಇನ್ನೂ ಹಾಕು. ಮುಂದಿನ ವರ್ಷ ಇಪ್ಪತ್ತು ಪಾಯಿಂಟ್ ಹೊಡಿಯೋದೈತಿ, ತಾಕತ್ತು ಬೇಕು."

"ಹದಿನೈದು," ಎಂದಳು ಚನ್ನಿ. "ಅದರ ಮ್ಯಾಲ ಬಿಡಂಗಿಲ್ರಿ."

ಆಮೇಲೆ ನಾವು ಕೊನೆಯ ಪಂಗತದಲ್ಲಿ ಕೂತೆವು. ಪಾಯಸ ಖಾಲಿಯಾಗಿತ್ತು. ಅತ್ತೆ ತಳ ಕೆರೆದು ಎಲ್ಲರ ಎಲೆಗೂ ಇಷ್ಟಿಷ್ಟು ಹಚ್ಚಿದರು.

ಸೆಪ್ಟೆಂಬರ್ ೩೦, ಮಂಗಳವಾರ

ರಕ್ಷಿತ್ ಪತ್ರ ಕೊಟ್ಟ. ಹೋಗುವುದು ಬೇಡ ಎಂದು. ಪ್ರಿನ್ಸಿಪಾಲರು ಓದಿ, ಮಡಚಿ, "ನಿಮ್ಮ ಕಾಯಂ ವಿಷಯ ನಾನಾಗಿ ಇನ್ನು ಎತ್ತುವುದಿಲ್ಲ," ಎಂದರಂತೆ. ಚಹಾ ಕೂಡ ಕೊಡಲಿಲ್ಲವಂತೆ. ಲೀಗಿನ ಜಾಗ ಊರಿನ ಇನ್ನೊಂದು ಕಾಲೇಜಿಗೆ ಹೋಗುತ್ತದೆ. ನಮ್ಮ ಹುಡುಗಿಯರಲ್ಲಿ ಇಬ್ಬರು ಮುಂದಿನ ವರ್ಷ ಅಲ್ಲಿಗೆ ಸೇರುವ ಮಾತಾಡುತ್ತಿದ್ದಾರೆ. ಅವರದು ತಪ್ಪು ಎನ್ನುವುದು ಹೇಗೆ? ನೇರಳೆ ಜೆರ್ಸಿಯನ್ನು ಇಸ್ತ್ರಿ ಮಾಡಿ ವಾಪಸು ಕಳಿಸಿದೆ.

ಬಾವಧನದ ಮನೆಯವರಿಗೆ ಫೋನ್ ಮಾಡಿ ಬೇಡವೆಂದೆ. ಬಾಲ್ಕನಿ ಇತ್ತು.

"ಬೇಜಾರಾ?" ಎಂದು ರಕ್ಷಿತ್ ಕೇಳಿದ.

"ಹೂಂ," ಎಂದೆ. "ನಿಂಗೆ?"

"ಹೂಂ."

ಇಬ್ಬರೂ ಮಲಗಿಬಿಟ್ಟೆವು.

ಅಕ್ಟೋಬರ್ ೫, ಭಾನುವಾರ

ಚನ್ನಿಗೆ ಯುನಿವರ್ಸಿಟಿ ಕ್ಯಾಂಪಿನಿಂದ ಕರೆ ಬಂದಿದೆ. ತಂಡಕ್ಕೆ ಆಯ್ಕೆಯಾಗುತ್ತಾಳೋ ಇಲ್ಲವೋ, ಅದು ಬೇರೆ ಮಾತು. ಕರೆದಿದ್ದಾರೆ. ಬೆಳಿಗ್ಗೆ ಹೇಳಲು ಬಂದವಳಿಗೆ ಅತ್ತೆ ತುಳುವಿನಲ್ಲೇ ಕೂತು ತಿಂಡಿ ತಿನ್ನು ಎಂದರು. ಅವಳು ಕಣ್ಣು ಕಣ್ಣು ಬಿಟ್ಟಳು, ನಾನು ಏನೆಂದು ಹೇಳಿ ಕೂರಿಸಿದೆ. ಸಂಜೆ ಶೂಟಿಂಗ್ ಪ್ರಾಕ್ಟೀಸಿಗೆ ಚೆಂಡು ಹೆಕ್ಕಿ ಕೊಡಲು ಯಾರೂ ಇಲ್ಲವಂತೆ, ನಾನು ಬರುತ್ತೇನೆ ಎಂದಿದ್ದೇನೆ.

ಇವತ್ತು ತಡವಾಗಿ ಎದ್ದೆ. ಎದ್ದಾಗ ಬಿಸಿಲು ಮಂಚದ ತನಕ ಬಂದಿತ್ತು. ಕೆಳಗೆ ಬಂದು ಇಡ್ಲಿ ತಿನ್ನುತ್ತ, "ಮಾವ, ಗ್ರೈಂಡರ್ ಕೆಟ್ಟಿದೆಯಾ? ಮೂರು ದಿನದಿಂದ ಸದ್ದೇ ಇಲ್ಲ," ಎಂದೆ.

ಮಾವ ಗಲ್ಲಾದಿಂದ ತಲೆ ಎತ್ತಿದರು.

"ಕೆಟ್ಟಿದ್ದರೆ ನಿನ್ನ ತಟ್ಟೆಯಲ್ಲಿರುವ ಚಟ್ನಿ ಎಲ್ಲಿಂದ ಬಂತು ಮಾರಾಯ್ತಿ? ಆ ಉಡಿಯ ತೆಂಗಿನಕಾಯಿ ಮೂರು ದಿನದಿಂದ ಅದರಲ್ಲೇ ತಿರುಗ್ತಾ ಉಂಟು."

ಅತ್ತೆ ನಕ್ಕರು. ನಾನು ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡೆ. ಈ ವಾರ ಆಫೀಸಿನಲ್ಲಿ ವಿಪರೀತ ಕೆಲಸವಿತ್ತು, ಸುಸ್ತಿಗೆ ಕೇಳಿಸಿರಲಿಕ್ಕಿಲ್ಲ.